ಕರಡು ಬಂದಾಗ ಮೌನ, ಕಾನೂನು ಬಂದಾಗ ಕೂಗು

ದಿನಪತ್ರಿಕೆಯ ಒಳಪುಟದಲ್ಲಿ, ಟೆಂಡರು ಜಾಹೀರಾತುಗಳ ನಡುವೆ, ಆಗೊಮ್ಮೆ ಈಗೊಮ್ಮೆ ಒಂದು ಸಣ್ಣ ಪ್ರಕಟಣೆ ಇರುತ್ತದೆ. ಘನತ್ಯಾಜ್ಯ ನಿರ್ವಹಣೆಯ ಉಪವಿಧಿಗಳ ಕರಡನ್ನು ಸಿದ್ಧಪಡಿಸಲಾಗಿದೆ, ಸಾರ್ವಜನಿಕರು ತಮ್ಮ ಆಕ್ಷೇಪಣೆ ಮತ್ತು ಸಲಹೆಗಳನ್ನು ಇಂತಿಷ್ಟು ದಿನಗಳೊಳಗೆ ಲಿಖಿತವಾಗಿ ಸಲ್ಲಿಸಬಹುದು ಎಂಬುದು ಅದರ ಸಾರ. ನಮ್ಮ ಎಷ್ಟು ಮನೆಗಳಲ್ಲಿ ಅದನ್ನು ಓದುತ್ತಾರೆ? ಅವಧಿ ಮುಗಿಯುತ್ತದೆ. ಕರಡು ಕಾನೂನಾಗುತ್ತದೆ. ಕೆಲವು ತಿಂಗಳ ಬಳಿಕ ಆಸ್ತಿ ತೆರಿಗೆಯ ಚೀಟಿಯಲ್ಲಿ ಕಸದ ಶುಲ್ಕ ಕಾಣಿಸಿದಾಗ ಅಥವಾ ಗುಜರಿ ಅಂಗಡಿಗೆ ನೋಟಿಸು ಬಂದಾಗ ನಾವು ಎಚ್ಚರಗೊಳ್ಳುತ್ತೇವೆ. ಜುಮಾ ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ ಗುಂಪುಗೂಡಿ, 'ನಮ್ಮನ್ನು ಯಾರೂ ಕೇಳಲೇ ಇಲ್ಲ' ಎಂದು ದೂರುತ್ತೇವೆ.

ಕೇಳಿದ್ದರು. ನಾವು ಉತ್ತರಿಸಲಿಲ್ಲ.

ಈ ಮೌನವನ್ನು ನಮ್ಮಲ್ಲಿ ಹಲವರು ಧರ್ಮನಿಷ್ಠೆಯೆಂದೇ ಭಾವಿಸಿದ್ದಾರೆ. ಕಸ, ಚರಂಡಿ, ನಗರಪಾಲಿಕೆ ಇವೆಲ್ಲ ದುನಿಯಾದ ವಿಷಯಗಳು, ದೀನಿಗೂ ಅವಕ್ಕೂ ಏನು ಸಂಬಂಧ ಎಂಬುದು ಅವರ ವಾದ. ಈ ವಾದವನ್ನು ನಾವು ಒಪ್ಪಲಾರೆವು. ದಾರಿಯಲ್ಲಿ ಬಿದ್ದಿರುವ ಕಂಟಕವನ್ನು ಸರಿಸುವುದನ್ನು ಈಮಾನಿನ ಶಾಖೆಗಳಲ್ಲಿ ಒಂದೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ಜನರು ನೀರು ತುಂಬುವ ಸ್ಥಳ, ನಡೆದಾಡುವ ದಾರಿ, ಕುಳಿತುಕೊಳ್ಳುವ ನೆರಳು ಇವುಗಳನ್ನು ಹೊಲಸು ಮಾಡುವುದು ಶಾಪಕ್ಕೆ ಗುರಿಯಾಗುವ ಕೃತ್ಯವೆಂದು ಎಚ್ಚರಿಸಿದರು. ದಾರಿಯಲ್ಲಿರುವ ಒಂದು ಮುಳ್ಳನ್ನು ಸರಿಸುವುದು ಪುಣ್ಯಕಾರ್ಯವಾದರೆ, ಒಂದು ಇಡೀ ಊರಿನ ಕಸ ಯಾರ ಮನೆಯ ಹಿತ್ತಿಲಿಗೆ ಹೋಗಿ ಬೀಳಬೇಕೆಂದು ನಿರ್ಧರಿಸುವ ಕಾಗದವನ್ನು ಓದಿ ತಿದ್ದಿಸುವುದು ದೀನಿಗೆ ಹೊರತಾದ ಕೆಲಸವಾಗುವುದು ಹೇಗೆ?

ಕಸವು ನಮ್ಮ ಬಾಗಿಲಿನಿಂದ ಹೊರಟ ಮಾತ್ರಕ್ಕೆ ಇಲ್ಲವಾಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಕುಸಿದು ಕೆಳಗಿನ ಮಂದಾರ ಪ್ರದೇಶಕ್ಕೆ ನುಗ್ಗಿತು. ತೆಂಗು, ಅಡಿಕೆಯ ತೋಟಗಳು ಅದರಡಿಯಲ್ಲಿ ಹೂತುಹೋದವು. 27 ಕುಟುಂಬಗಳು ಮನೆ ತೊರೆಯಬೇಕಾಯಿತು. ಆ ರಾಶಿಯಲ್ಲಿ ನಮ್ಮ ಅಡುಗೆಮನೆಯ ಪಾಲು ಇರಲಿಲ್ಲವೆಂದು ಆ ನಗರದ ಯಾವ ಸಮುದಾಯ ತಾನೆ ಹೇಳೀತು? ಬೆಂಗಳೂರಿನ ಹೊರವಲಯದ ಮಂಡೂರಿನ ಜನರು ವರ್ಷಗಟ್ಟಲೆ ದುರ್ವಾಸನೆ, ನೊಣ, ಕೆಟ್ಟ ನೀರನ್ನು ಸಹಿಸಿ ಬೀದಿಗಿಳಿದ ಬಳಿಕವಷ್ಟೇ 2014ರ ಕೊನೆಯಲ್ಲಿ ಅಲ್ಲಿಗೆ ಕಸದ ಲಾರಿಗಳು ಬರುವುದು ನಿಂತಿತು. ನೆರೆಯವನು ಹಸಿದಿರುವಾಗ ತಾನು ಹೊಟ್ಟೆ ತುಂಬ ಉಣ್ಣುವವನ ಈಮಾನನ್ನು ಪ್ರಶ್ನಿಸಿದ ಧರ್ಮ ನಮ್ಮದು. ನೆರೆಯವನ ಬಾವಿಗೆ ನಮ್ಮ ಕಸದ ರಸ ಇಳಿಯುವಾಗ ಅದು ಸುಮ್ಮನಿರಲು ಹೇಳುತ್ತದೆಯೇ?

ಸಮಾಲೋಚನೆ ನಮಗೆ ಹೊರಗಿನಿಂದ ಬಂದ ಪದ್ಧತಿಯಲ್ಲ. ಪವಿತ್ರ ಕುರ್‌ಆನಿನ ಒಂದು ಅಧ್ಯಾಯದ ಹೆಸರೇ 'ಅಶ್ಶೂರಾ'. ತಮ್ಮ ವ್ಯವಹಾರಗಳನ್ನು ಪರಸ್ಪರ ಸಮಾಲೋಚನೆಯಿಂದ ನಡೆಸುವುದನ್ನು ಅದರ 38ನೇ ಸೂಕ್ತವು ವಿಶ್ವಾಸಿಗಳ ಲಕ್ಷಣವಾಗಿ ನಮಾಝ್ ಮತ್ತು ದಾನದ ಜೊತೆಯಲ್ಲೇ ಎಣಿಸಿದೆ. ಬದ್ರ್‌ನಲ್ಲಿ ಪ್ರವಾದಿ(ಸ)ರು ಶಿಬಿರ ಹೂಡಿದ ಸ್ಥಳವನ್ನು ಕಂಡು, ಇದು ಅಲ್ಲಾಹನ ಆದೇಶವೋ ಅಥವಾ ತಮ್ಮ ಅಭಿಪ್ರಾಯವೋ ಎಂದು ಹುಬಾಬ್ ಇಬ್ನುಲ್ ಮುಂದಿರ್(ರ) ವಿಚಾರಿಸಿದರು. ಅಭಿಪ್ರಾಯವೆಂದು ತಿಳಿದಾಗ ನೀರಿನ ಸಮೀಪಕ್ಕೆ ಸಾಗಲು ಸಲಹೆಯಿತ್ತರು. ಶಿಬಿರ ಸ್ಥಳಾಂತರಗೊಂಡಿತೆಂದು ಸೀರತ್ ಗ್ರಂಥಗಳು ದಾಖಲಿಸಿವೆ. ಮದೀನಾದ ರಕ್ಷಣೆಗಾಗಿ ಕಂದಕ ತೋಡುವ ಸಲಹೆ ಬಂದುದು ಪರ್ಶಿಯಾದಿಂದ ಬಂದಿದ್ದ ಸಲ್ಮಾನ್(ರ)ರಿಂದ. ಹುದೈಬಿಯಾದಲ್ಲಿ ಸಹಾಬಿಗಳು ದುಃಖದಿಂದ ಸ್ತಬ್ಧರಾಗಿ ನಿಂತಿದ್ದಾಗ ಬಿಕ್ಕಟ್ಟನ್ನು ಬಿಡಿಸಿದ್ದು ಉಮ್ಮು ಸಲಮಾ(ರ)ರ ಸಲಹೆ. ಅಲ್ಲಾಹನ ಸಂದೇಶವಾಹಕರೇ ಸಾಮಾನ್ಯ ಅನುಚರನ, ದೂರದೇಶದವನ, ಮನೆಯ ಮಹಿಳೆಯ ಮಾತಿಗೆ ಕಿವಿಗೊಟ್ಟಿರುವಾಗ, ನಮ್ಮ ಅಭಿಪ್ರಾಯ ಕೇಳಿ ಬಂದ ಕಾಗದವನ್ನು ಮಡಚಿ ರದ್ದಿಗೆ ಹಾಕುವ ನಾವು ಯಾವ ಸುನ್ನತನ್ನು ಪಾಲಿಸುತ್ತಿದ್ದೇವೆ?

'ನಮ್ಮ ಮಾತನ್ನು ಯಾರು ಕೇಳುತ್ತಾರೆ?' ಎಂಬುದು ಇನ್ನೊಂದು ವಾದ. ಇದು ಸುಳ್ಳಲ್ಲ. ಕಚೇರಿಗಳಲ್ಲಿ ನಮ್ಮ ಹೆಸರನ್ನು ಕೇಳಿದೊಡನೆ ಮುಖ ಬದಲಾಗುವುದನ್ನು ನಾವೂ ಕಂಡಿದ್ದೇವೆ. ಪ್ರಕಟಣೆಯನ್ನು ಯಾರೂ ಓದದ ಮೂಲೆಯಲ್ಲಿ, ಯಾರಿಗೂ ಅರ್ಥವಾಗದ ಕಚೇರಿಗನ್ನಡದಲ್ಲಿ ಹಾಕಿ, 'ಆಕ್ಷೇಪಣೆಗಳು ಬಂದಿಲ್ಲ' ಎಂದು ಕಡತ ಮುಚ್ಚುವ ಅಧಿಕಾರಿಗಳೂ ಇದ್ದಾರೆ. ಅವರಿಗೆ ನಾವು ಹೇಳಬೇಕಾದುದು ಇಷ್ಟೇ: ಜನರಿಗೆ ತಲುಪದ ಆಹ್ವಾನ ಆಹ್ವಾನವಲ್ಲ. ಕರಡನ್ನು ಸರಳ ಕನ್ನಡದಲ್ಲಿ ವಾರ್ಡ್ ಕಚೇರಿಯಲ್ಲಿ ಅಂಟಿಸಿರಿ, ಬಡಾವಣೆಗೆ ಬಂದು ಓದಿ ಹೇಳಿರಿ. ಆದರೆ ನಮ್ಮ ಮೌನ ಅಂಥವರ ಕೆಲಸವನ್ನು ಸುಲಭಗೊಳಿಸುತ್ತದೆ ಎಂಬುದನ್ನೂ ನಾವು ಒಪ್ಪಿಕೊಳ್ಳಲೇಬೇಕು.

ಕೇಳಿಸಿಕೊಂಡ ನಿದರ್ಶನಗಳು ಇಲ್ಲದಿಲ್ಲ. ಬೆಂಗಳೂರಿನ ಮನೆಮನೆಗೂ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಕಡ್ಡಾಯವಾದದ್ದು 2015ರ ಡಿಸೆಂಬರ್‌ನಲ್ಲಿ, ನಾಗರಿಕರು ಹೂಡಿದ ಮೊಕದ್ದಮೆಯಲ್ಲಿ ಹೈಕೋರ್ಟು ನೀಡಿದ ಆದೇಶದಿಂದ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಚಿಂದಿ ಆಯುವವರನ್ನು ಹೆಸರಿಸಿ, ಅವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ಹೇಳಿದವು. ಈ ಮಾತು ಆಕಾಶದಿಂದ ಉದುರಿದ್ದಲ್ಲ. ಚಿಂದಿ ಆಯುವವರ ಸಂಘಟನೆಗಳು ವರ್ಷಗಟ್ಟಲೆ ಮನವಿ ಹಿಡಿದು ಅಲೆದಿದ್ದವು. ಆ ನಿಯಮಗಳ ಜಾಗಕ್ಕೆ ಹೊಸ ನಿಯಮಗಳನ್ನು ತರಲು ಕೇಂದ್ರ ಪರಿಸರ ಸಚಿವಾಲಯವು 2024ರ ಡಿಸೆಂಬರ್‌ನಲ್ಲಿ ಕರಡು ಪ್ರಕಟಿಸಿ 60 ದಿನಗಳ ಕಾಲಾವಕಾಶ ನೀಡಿತು. ಹಸಿ, ಒಣ, ನೈರ್ಮಲ್ಯ ಮತ್ತು ವಿಶೇಷ ಎಚ್ಚರಿಕೆಯ ತ್ಯಾಜ್ಯವೆಂದು ನಾಲ್ಕು ಬಗೆಯಾಗಿ ಕಸ ವಿಂಗಡಿಸಬೇಕೆಂಬ ಪ್ರಸ್ತಾವ ಅದರಲ್ಲಿತ್ತು. ಆ 60 ದಿನಗಳಲ್ಲಿ ನಮ್ಮ ಎಷ್ಟು ಜಮಾಅತ್‌ಗಳು ಒಂದು ಪುಟದ ಅಭಿಪ್ರಾಯವನ್ನಾದರೂ ಬರೆದವು?

ಪ್ರಶ್ನೆಯನ್ನು ಇಷ್ಟು ಕಟುವಾಗಿ ಕೇಳಲು ಕಾರಣವಿದೆ. ಮರುಬಳಕೆಯ ನೀತಿ ಬೇರೆಯವರಿಗೆ ಪರಿಸರದ ವಿಷಯವಾಗಿರಬಹುದು, ನಮ್ಮಲ್ಲಿ ಅನೇಕರಿಗೆ ಅದು ಅನ್ನದ ವಿಷಯ. ತಳ್ಳುಗಾಡಿಯಲ್ಲಿ ಹಳೇ ಪೇಪರು, ಖಾಲಿ ಬಾಟಲಿ, ಕಬ್ಬಿಣ ಕೊಳ್ಳುತ್ತಾ ಬೀದಿ ಸುತ್ತುವವರಲ್ಲಿ, ಗುಜರಿ ಅಂಗಡಿಗಳಲ್ಲಿ ಕುಳಿತವರಲ್ಲಿ, ಬೆಂಗಳೂರಿನ ಜಾಲಿ ಮೊಹಲ್ಲಾ, ನಾಯಂಡಹಳ್ಳಿಗಳಲ್ಲಿ ಪ್ಲಾಸ್ಟಿಕ್ಕನ್ನು ಬಣ್ಣ, ಜಾತಿಗಳ ಪ್ರಕಾರ ಬೇರ್ಪಡಿಸುವವರಲ್ಲಿ ನಮ್ಮ ಸಹೋದರ ಸಹೋದರಿಯರು ಎಷ್ಟು ಮಂದಿಯೆಂದು ನಮಗೆ ಗೊತ್ತು. 'ಮರುಬಳಕೆ' ಎಂಬ ಪದ ಸರಕಾರಿ ಕಾಗದಕ್ಕೆ ಬರುವ ಎಷ್ಟೋ ಮೊದಲಿನಿಂದ ಅವರು ಆ ಕೆಲಸ ಮಾಡುತ್ತಿದ್ದರು. ಈಗ ಕರಡಿನ ಒಂದು ವಾಕ್ಯ, ಒಣಕಸವೆಲ್ಲವೂ ಒಬ್ಬನೇ ಗುತ್ತಿಗೆದಾರನಿಗೆ ಸೇರತಕ್ಕದ್ದು ಎಂದಾದರೆ, ಆ ತಳ್ಳುಗಾಡಿ ಮರುದಿನದಿಂದ ಕಾನೂನುಬಾಹಿರವಾಗುತ್ತದೆ. ಹಸಿ ಒಣ ಬೆರೆಸಿ ಲಾರಿಯಲ್ಲಿ ಒತ್ತಿ ತುಂಬಿದರೆ, ಕಾಗದ ನೆನೆದು ಬೆಲೆ ಕಳೆದುಕೊಳ್ಳುತ್ತದೆ, ಗಾಜು ಪುಡಿಯಾಗುತ್ತದೆ, ಕೈಹಾಕಿ ಆಯುವವನ ಬೆರಳು ಸೀಳುತ್ತದೆ. ಒಂದು ವಾಕ್ಯದಿಂದ ಹೋಗುವ ಜೀವನೋಪಾಯವನ್ನು ಒಂದು ವಾಕ್ಯದ ಆಕ್ಷೇಪಣೆ ಉಳಿಸಬಹುದಿತ್ತು. ಆ ಅಂಗಡಿಯವನಿಗೆ ಕರಡು ಓದಲು ಬಿಡುವಿಲ್ಲ, ಕೆಲವರಿಗೆ ಅಕ್ಷರವೂ ಇಲ್ಲ. ಓದು ಬಲ್ಲ ನಾವು ಓದಲಿಲ್ಲ. ನಾಳೆ ಈ ಅಮಾನತಿನ ಲೆಕ್ಕವನ್ನು ಯಾರಲ್ಲಿ ಕೇಳಲಾಗುವುದು?

ಶುಲ್ಕದ ಮಾತೂ ಇದೇ. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ವಸತಿ ಕಟ್ಟಡಗಳಿಗೆ ವಿಸ್ತೀರ್ಣದ ಪ್ರಕಾರ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿಯವರೆಗೆ ಕಸದ ಶುಲ್ಕವನ್ನು ಆಸ್ತಿ ತೆರಿಗೆಯೊಡನೆ ವಿಧಿಸಲಾಯಿತು. ಶುಲ್ಕ ಕೊಡಬಾರದೆಂದು ನಾವು ಹೇಳುವುದಿಲ್ಲ. ಸೇವೆ ಪಡೆದವನು ಬೆಲೆ ಕೊಡುವುದು ನ್ಯಾಯವೇ. ಆದರೆ ಗಾಡಿಯೇ ಬಾರದ ಗಲ್ಲಿಯವರು ಯಾವುದರ ಬೆಲೆ ಕೊಡಬೇಕು? ಕಸ ವಿಂಗಡಿಸಿ ಕೊಡುವ ಮನೆಗೂ ಬೆರೆಸಿ ಎಸೆಯುವ ಮನೆಗೂ ಒಂದೇ ದರವೇಕೆ? ಮಾಲೀಕನ ಹೆಸರಿನಲ್ಲಿ ಬಂದ ಶುಲ್ಕವು ಬಾಡಿಗೆದಾರನ ತಲೆಗೆ ಬೀಳದಂತೆ ತಡೆಯೇನು? ಇವು ಕೇಳಬಹುದಾದ, ಕೇಳಲೇಬೇಕಾದ ಪ್ರಶ್ನೆಗಳು. ಕೇಳುವ ಕಾಲ ಕರಡಿನ ಕಾಲ, ರಸೀದಿಯ ಕಾಲವಲ್ಲ.

ಇನ್ನು ನಮ್ಮನ್ನೇ ನಾವು ನೋಡಿಕೊಳ್ಳೋಣ. ಪರಿಸರದ ಬಗ್ಗೆ ಪಾಲಿಕೆಗೆ ಪಾಠ ಹೇಳುವ ಬಾಯಿ ಮೊದಲು ಶುದ್ಧವಾಗಿರಬೇಕು. ಹರಿಯುವ ನದಿಯ ದಡದಲ್ಲೂ ವುಝೂವಿನ ನೀರನ್ನು ದುಂದು ಮಾಡಬಾರದೆಂದು ಮಕ್ಕಳಿಗೆ ಕಲಿಸುವ ನಾವು ವಲೀಮಾದ ಸಭಾಂಗಣದ ಹಿಂದೆ ಬಿರಿಯಾನಿಯ ರಾಶಿಯನ್ನೂ ಪ್ಲಾಸ್ಟಿಕ್ ತಟ್ಟೆಗಳನ್ನೂ ಒಂದೇ ಗುಂಡಿಗೆ ಸುರಿಯುತ್ತೇವೆ. ಪರವಾನಗಿಯಿಲ್ಲದ ಸ್ಥಳದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರಿಸುವವರು ಮೂರು ಕೆಲಸದ ದಿನಗಳ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಅಲ್ಲಿನ ಕಸವನ್ನು ವಿಂಗಡಿಸಬೇಕು ಎಂದು 2016ರ ನಿಯಮಗಳು ಹೇಳಿದ್ದವು. ಆಹ್ವಾನಪತ್ರಿಕೆ ಅಚ್ಚು ಹಾಕಿಸಿದವರಲ್ಲಿ ಎಷ್ಟು ಮಂದಿ ಇದನ್ನು ಕೇಳಿದ್ದರು? ಬಕ್ರೀದಿನಂದು ಕುರ್ಬಾನಿಯ ಮಾಂಸ ಹಂಚುವಾಗ ಇರುವ ಶ್ರದ್ಧೆ, ಉಳಿದ ಕರುಳು, ಎಲುಬುಗಳನ್ನು ವಿಲೇವಾರಿ ಮಾಡುವಾಗ ಎಲ್ಲರಲ್ಲೂ ಇರುತ್ತದೆಯೇ? ಶುಚಿತ್ವವು ಈಮಾನಿನ ಅರ್ಧಭಾಗವೆಂದು ಗೋಡೆಯ ಮೇಲೆ ಬರೆಸಿ, ಅದೇ ಗೋಡೆಯ ಬುಡದಲ್ಲಿ ಕಸದ ಚೀಲ ಇಡುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಈ ದೋಷವನ್ನು ಒಪ್ಪಿಕೊಂಡೇ ಮಾತಾಡಬೇಕು. ಆದರೆ ದೋಷವಿದೆಯೆಂದು ಮಾತು ನಿಲ್ಲಿಸುವುದು ಅದಕ್ಕೆ ಪರಿಹಾರವಲ್ಲ.

ಹಾಗಾದರೆ ಮಾಡಬೇಕಾದುದೇನು? ಸಂವಿಧಾನದ 74ನೇ ತಿದ್ದುಪಡಿಯು ಘನತ್ಯಾಜ್ಯ ನಿರ್ವಹಣೆಯನ್ನು ನಗರ ಸ್ಥಳೀಯ ಸಂಸ್ಥೆಗಳ ಕಾರ್ಯಗಳ ಪಟ್ಟಿಯಲ್ಲಿರಿಸಿದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದೂ ಹೇಳಿದೆ. ಅದರ ಸಭೆ ನಮ್ಮ ವಾರ್ಡಿನಲ್ಲಿ ಎಂದು ನಡೆಯುತ್ತದೆಂದು ವಿಚಾರಿಸೋಣ. ಪ್ರತಿ ಜಮಾಅತ್‌ನಲ್ಲಿ ಓದುಬರಹ ಬಲ್ಲ ನಾಲ್ಕೈದು ಯುವಕ ಯುವತಿಯರಿಗೆ ಇಂಥ ಪ್ರಕಟಣೆಗಳನ್ನು ಗಮನಿಸುವ ಹೊಣೆ ವಹಿಸೋಣ. ಕರಡು ಪ್ರಕಟವಾದ ವಾರವೇ ಖತೀಬರು ಜುಮಾದ ಬಳಿಕ ಐದು ನಿಮಿಷ ಅದರ ಸಾರ ತಿಳಿಸಲಿ. ಗುಜರಿ ವ್ಯಾಪಾರಿಗಳನ್ನು, ಚಿಂದಿ ಆಯುವವರನ್ನು ಕರೆದು ಕೂರಿಸಿ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳೋಣ. ಅಡುಗೆಮನೆಯಲ್ಲಿ ಕಸ ವಿಂಗಡಿಸುವವರು ಹೆಚ್ಚಾಗಿ ಮಹಿಳೆಯರು. ಗಾಡಿ ಎಷ್ಟು ಗಂಟೆಗೆ ಬಂದರೆ ಅನುಕೂಲ, ಮಗುವಿನ ಡೈಪರನ್ನು ಯಾವ ಬುಟ್ಟಿಗೆ ಹಾಕಬೇಕು ಎಂಬುದು ಸಮಿತಿಯ ಪುರುಷರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಅವರ ಸಲಹೆಯಿಲ್ಲದ ಮನವಿ ಅರ್ಧ ಮನವಿ.

ಬರೆಯುವಾಗ ಆವೇಶ ಬೇಡ. ಯಾವ ಕಲಮಿಗೆ ಆಕ್ಷೇಪಣೆ, ಅದರಿಂದ ಯಾರಿಗೆ ತೊಂದರೆ, ಅದರ ಬದಲು ಏನಿರಬೇಕು ಎಂಬ ಮೂರು ಮಾತು ಸಾಕು. ನೋಂದಾಯಿತ ಗುಜರಿಯವರಿಗೂ ಚಿಂದಿ ಆಯುವವರಿಗೂ ಒಣಕಸದ ಹಕ್ಕು ಇರಲಿ, ಬಕ್ರೀದಿನ ದಿನಗಳಲ್ಲಿ ಪ್ರಾಣಿತ್ಯಾಜ್ಯಕ್ಕೆ ಪ್ರತ್ಯೇಕ ಗಾಡಿ ಬರಲಿ, ಗಾಡಿ ಬಾರದ ಬೀದಿಗೆ ಶುಲ್ಕ ವಿನಾಯಿತಿ ದೊರೆಯಲಿ, ಪೌರಕಾರ್ಮಿಕರಿಗೆ ಕೈಗವಸು, ಬೂಟು ತಪ್ಪದಿರಲಿ ಎಂದು ಬರೆಯೋಣ. ಕೆಳಗೆ ನೆರೆಯ ಹಿಂದೂ, ಕ್ರೈಸ್ತ ಮನೆಗಳವರ ಸಹಿಯನ್ನೂ ಕೇಳೋಣ. ಕಸದ ವಾಸನೆಗೆ ಮತಭೇದವಿಲ್ಲ. ಮನವಿ ಕೊಟ್ಟು ಸ್ವೀಕೃತಿಯ ಮುದ್ರೆ ಪಡೆಯೋಣ. ಉತ್ತರ ಬಾರದಿದ್ದರೆ, ಬಂದ ಆಕ್ಷೇಪಣೆಗಳ ಮೇಲೆ ಏನು ಕ್ರಮವಾಯಿತೆಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳೋಣ.

ಹಡಗೊಂದರ ಮೇಲಂತಸ್ತು ಮತ್ತು ಕೆಳಅಂತಸ್ತುಗಳಲ್ಲಿ ಕುಳಿತವರ ದೃಷ್ಟಾಂತವನ್ನು ಪ್ರವಾದಿ(ಸ)ರು ನೀಡಿದ್ದಾರೆ, ಬುಖಾರಿಯಲ್ಲಿ ಅದು ವರದಿಯಾಗಿದೆ. ನೀರಿಗಾಗಿ ಪ್ರತಿಬಾರಿ ಮೇಲೆ ಹತ್ತುವ ಬದಲು ತಮ್ಮ ಪಾಲಿನ ತಳದಲ್ಲೇ ತೂತು ಕೊರೆಯಲು ಕೆಳಗಿನವರು ಹೊರಟರು. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ನಮ್ಮ ಊರುಗಳಲ್ಲಿ ಇಂದು ತೂತು ಕೊರೆಯುವವರು ಒಮ್ಮೊಮ್ಮೆ ಮೇಲಂತಸ್ತಿನವರೇ ಆಗಿರುತ್ತಾರೆ. ಮುಳುಗುವಾಗ ಮಾತ್ರ ಕೆಳಗಿನವರು ಮೊದಲು.

ಮದೀನಾದ ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಮಹಿಳೆ ತೀರಿಕೊಂಡಾಗ, ಅದು ದೊಡ್ಡ ವಿಷಯವಲ್ಲವೆಂದು ಭಾವಿಸಿ ಯಾರೂ ಪ್ರವಾದಿ(ಸ)ರಿಗೆ ತಿಳಿಸಲಿಲ್ಲ. ಆಕೆ ಕಾಣದಿದ್ದಾಗ ಅವರು ವಿಚಾರಿಸಿದರು. ತನಗೇಕೆ ತಿಳಿಸಲಿಲ್ಲವೆಂದು ಕೇಳಿ, ಆಕೆಯ ಕಬರಿನ ಬಳಿಗೆ ಹೋಗಿ ಪ್ರಾರ್ಥಿಸಿದರು. ಕಸ ಗುಡಿಸುವವರ, ಕಸ ಆಯುವವರ ಬದುಕು ದೊಡ್ಡ ವಿಷಯವಲ್ಲವೆಂದು ಇಂದಿಗೂ ಭಾವಿಸುವವರು ನಾವು. ಮುಂದಿನ ಕರಡು ಬರಲಿದೆ. ಅದು ನಮ್ಮ ಊರಿನದೇ ಆಗಿರಬಹುದು. ಆ ದಿನಗಳು ಮುಗಿಯುವ ಮೊದಲು ನಾವು ಪೆನ್ನು ಹಿಡಿಯುವಂತಾಗಲಿ. ಅಲ್ಲಾಹನು ಅದಕ್ಕೆ ತೌಫೀಕ್ ನೀಡಲಿ, ಆಮೀನ್.