ಮಾಲೀಕ ಎದ್ದು ಹೋದ ಮೇಲೆ ಅಭಿಮಾನಿಗೆ ಉಳಿಯುವುದೇನು?

2019ರ ಮಾರ್ಚ್ 17ರ ರಾತ್ರಿ ಅಂಧೇರಿಯ ಮುಂಬೈ ಫುಟ್‌ಬಾಲ್ ಅರೆನಾದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ನಡೆದಿತ್ತು. ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ ತೊಂಬತ್ತು ನಿಮಿಷ ಗುದ್ದಾಡಿದರೂ ಗೋಲು ಬಂದಿರಲಿಲ್ಲ. ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಿತ್ತು. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಹಾಕಿದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟರು. ಆ ಒಂದೇ ಗೋಲಿಗೆ ಕಪ್ ಬೆಂಗಳೂರಿಗೆ ಹೋಯಿತು. ಸರಿಯಾಗಿ ಒಂದು ವರ್ಷ ಹಿಂದೆ, ಅದೇ ಮಾರ್ಚ್ 17ರಂದು, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ತನ್ನ ಜನರ ಮುಂದೆಯೇ ಚೆನ್ನೈಯಿನ್‌ಗೆ 3–2ರಿಂದ ಸೋತಿದ್ದ ತಂಡವದು.

ಗೋಲು ಹೊಡೆದ ಭೇಕೆ ಮುಂಬೈಯವರೇ. 2021ರಲ್ಲಿ ಅವರು ಮುಂಬೈ ಸಿಟಿ ಎಫ್‌ಸಿ ಸೇರಿದರು. 2024ರ ಮೇ 4ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ತಂಡವನ್ನು 3–1ರಿಂದ ಮಣಿಸಿ ಕಪ್ ಎತ್ತಿದ ಮುಂಬೈಗೆ ಅವರೇ ನಾಯಕ. ಅದೇ ವರ್ಷ ಮತ್ತೆ ಬೆಂಗಳೂರಿಗೆ ಮರಳಿದರು. ಎರಡೂ ಊರಿನ ಅಭಿಮಾನಿಗಳು ಅವರನ್ನು ಕೊಂಡಾಡಿದ್ದಾರೆ, ಎರಡೂ ಊರಿನವರು ಬೈದಿದ್ದಾರೆ. ಆಟಗಾರ ಹೀಗೆ ಅತ್ತಿಂದಿತ್ತ ಹೋಗಬಹುದು, ಅದು ಅವನ ವೃತ್ತಿ. ಮಾಲೀಕನೂ ಹೋಗಬಹುದು, ಅದು ಅವನ ವ್ಯವಹಾರ. ಎಲ್ಲಿಗೂ ಹೋಗಲಾರದವನು ಅಭಿಮಾನಿ ಒಬ್ಬನೇ. 2025ರ ಜುಲೈನಿಂದೀಚೆಗೆ ಭಾರತದ ಫುಟ್‌ಬಾಲ್ ಈ ಸತ್ಯವನ್ನು ಬಹಳ ಕಟುವಾಗಿ ತೋರಿಸಿದೆ.

ಮುಂಬೈಯ ಗೋರೆಗಾಂವ್‌ನಿಂದ 2019ರ ಫೈನಲ್ ನಡೆದ ಅಂಧೇರಿಯ ಮೈದಾನ ದೂರವಿಲ್ಲ. ಗೋರೆಗಾಂವ್ ವೆಸ್ಟ್‌ನಲ್ಲಿ ಮೆಟ್ರೊ ಹತ್ತಿದರೆ ಓಶಿವರಾ, ಲೋವರ್ ಓಶಿವರಾ ದಾಟಿ ಅಂಧೇರಿ. ಬೆಂಗಳೂರು ಆಡುವ ದಿನ ಅದೇ ಬೋಗಿಯಲ್ಲಿ ತಿಳಿನೀಲಿ ಜೆರ್ಸಿಯೂ ಇರುತ್ತದೆ, ಕಡುನೀಲಿಯೂ ಇರುತ್ತದೆ. ಕೆಲವೊಮ್ಮೆ ಎರಡೂ ಒಂದೇ ಮನೆಯಿಂದ ಹೊರಟಿರುತ್ತವೆ: ಉಡುಪಿಯಿಂದಲೋ ಕುಂದಾಪುರದಿಂದಲೋ ಬಂದು ಹೋಟೆಲು, ಬ್ಯಾಂಕು ಎಂದು ನೆಲೆ ನಿಂತ ಕುಟುಂಬದ ಎರಡನೇ, ಮೂರನೇ ತಲೆಮಾರಿನ ಮಕ್ಕಳು. ಅಣ್ಣ ಕನ್ನಡದ ಹೆಸರು ಹೊತ್ತ ತಂಡದ ಕಡೆ, ಹುಟ್ಟಿ ಬೆಳೆದ ಊರು ಮುಂಬೈ ಎಂದು ತಂಗಿ ಮುಂಬೈ ಕಡೆ. ಪಂದ್ಯ ಮುಗಿದ ಮೇಲೆ ಊಟದ ತಟ್ಟೆಯ ಮುಂದೂ ಜಗಳ ಮುಂದುವರಿಯುತ್ತದೆ. ಹೊರನಾಡಿನ ಮಕ್ಕಳಿಗೆ ಊರಿನ ನಂಟನ್ನು ಉಳಿಸಿಕೊಟ್ಟಿರುವುದು ಯಕ್ಷಗಾನ ಮತ್ತು ಸಂಘದ ವಾರ್ಷಿಕೋತ್ಸವ ಮಾತ್ರವಲ್ಲ, ಈ ಜಗಳವೂ ಹೌದು.

ಈ ಪೈಪೋಟಿಯನ್ನು ಯಾರೂ ಹಣ ಕೊಟ್ಟು ಕಟ್ಟಿಸಿದ್ದಲ್ಲ. 2013ರ ಜುಲೈನಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾ ಮಟ್ಟದ ಎಎಫ್‌ಸಿ ಕಪ್ ಫೈನಲ್ ತಲುಪಿ, ಆ ಸಾಧನೆ ಮಾಡಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಆ ವರ್ಷಗಳಲ್ಲಿ ಮುಂಬೈ ಸಿಟಿ ದೊಡ್ಡ ಹೆಸರುಗಳನ್ನು ಕರೆತಂದರೂ ಒಂದು ಟ್ರೋಫಿ ಕಾಣಲಿಲ್ಲ. 2019ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಒಡೆಯರಾದ ಸಿಟಿ ಫುಟ್‌ಬಾಲ್ ಗ್ರೂಪ್ ಶೇಕಡಾ 65 ಪಾಲು ಕೊಂಡ ಮೇಲೆ ಗಾಳಿ ತಿರುಗಿತು. 2020–21ರಲ್ಲಿ ಲೀಗ್ ಶೀಲ್ಡ್ ಮತ್ತು ಕಪ್ ಎರಡೂ ಮುಂಬೈಗೆ. 2022–23ರಲ್ಲಿ ಮತ್ತೆ ಶೀಲ್ಡ್. ಆದರೆ ಅದೇ ಋತುವಿನ ಸೆಮಿಫೈನಲ್‌ನಲ್ಲಿ ಬೆಂಗಳೂರು ಅಡ್ಡ ಬಂತು. ಅಂಧೇರಿಯಲ್ಲಿ ಸುನಿಲ್ ಚೆಟ್ರಿ ತಲೆಯಿಂದ ಗೋಲು ಹೊಡೆದು 1–0 ಮಾಡಿದರು. ಕಂಠೀರವದಲ್ಲಿ ಮುಂಬೈ 2–1ರಿಂದ ಗೆದ್ದು ಲೆಕ್ಕ ಸಮ ಮಾಡಿತು. ಪೆನಾಲ್ಟಿ ಸರದಿ ಮುಗಿಯುವುದೇ ಇಲ್ಲವೇನೋ ಎಂಬಂತೆ ಎಳೆಯಿತು. ಮುಂಬೈಯ ಮೆಹ್ತಾಬ್ ಸಿಂಗ್ ಒದ್ದ ಚೆಂಡನ್ನು ಬೆಂಗಳೂರಿನ ಗೋಲ್‌ಕೀಪರ್ ಗುರ್‌ಪ್ರೀತ್ ತಡೆದರು, ಸಂದೇಶ್ ಝಿಂಗನ್ ಹೊಡೆದರು, 9–8. ಮರುವರ್ಷವೇ ಬೆಂಗಳೂರು ಹತ್ತನೇ ಸ್ಥಾನಕ್ಕೆ ಕುಸಿಯಿತು, ಮುಂಬೈ ಕಪ್ ಎತ್ತಿತು. ಅದರ ಮರುವರ್ಷ, 2025ರ ಮಾರ್ಚ್ 29ರಂದು, ಕಂಠೀರವದ ನಾಕೌಟ್‌ನಲ್ಲಿ ಬೆಂಗಳೂರು 5–0ಯಿಂದ ಮುಂಬೈಯನ್ನು ಮನೆಗೆ ಕಳಿಸಿ ಫೈನಲ್‌ವರೆಗೆ ಹೋಯಿತು. ಸೋತವನಿಗೆ ಮುಂದಿನ ವರ್ಷ ನೋಡಿಕೊಳ್ಳುತ್ತೇನೆ ಎಂಬ ಭರವಸೆ ಇರಬೇಕು. ಪೈಪೋಟಿ ನಿಂತಿರುವುದೇ ಅದರ ಮೇಲೆ.

ಆ ಭರವಸೆಯೇ 2025ರಲ್ಲಿ ಮುರಿಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರ ಡಿಸೆಂಬರ್‌ನಲ್ಲಿ 15 ವರ್ಷಕ್ಕೆ ಮಾಡಿಕೊಂಡಿದ್ದ ವಾಣಿಜ್ಯ ಒಪ್ಪಂದದ ಗಡುವು ಹತ್ತಿರವಾಯಿತು. ನವೀಕರಣದ ಮಾತು ಕುದುರದೆ ಜುಲೈನಲ್ಲಿ ಲೀಗ್ ಅನಿಶ್ಚಿತವಾಗಿ ಮುಂದೂಡಲ್ಪಟ್ಟಿತು. ಏಪ್ರಿಲ್ 12ರಂದು ಫೈನಲ್ ಆಡಿದ್ದ ಬೆಂಗಳೂರು ಎಫ್‌ಸಿ, ಆಗಸ್ಟ್ ಮೊದಲ ವಾರದಲ್ಲಿ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. ನವೆಂಬರ್‌ನಲ್ಲಿ ಹಕ್ಕುಗಳ ಟೆಂಡರ್‌ಗೆ ಒಂದು ಬಿಡ್ಡೂ ಬರಲಿಲ್ಲ. ಡಿಸೆಂಬರ್ ಕೊನೆಗೆ ಸಿಟಿ ಫುಟ್‌ಬಾಲ್ ಗ್ರೂಪ್ ಮುಂಬೈಯ ತನ್ನ ಪಾಲು ಬಿಟ್ಟುಕೊಟ್ಟು ಹೊರನಡೆಯಿತು. ಫೆಬ್ರವರಿ 14ಕ್ಕೆ ಮೊಟಕುಗೊಂಡ ಲೀಗ್ ಶುರುವಾಗುತ್ತದೆ ಎಂದು 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರೇ ಘೋಷಿಸಬೇಕಾಯಿತು. ಈ ಏಳು ತಿಂಗಳ ಚರ್ಚೆಯಲ್ಲಿ ಫೆಡರೇಷನ್ ಇತ್ತು, ಕ್ಲಬ್ ಮಾಲೀಕರಿದ್ದರು, ನ್ಯಾಯಾಲಯವಿತ್ತು, ಸರ್ಕಾರವಿತ್ತು. ಟಿಕೆಟ್ ಕೊಂಡು ಸ್ಟ್ಯಾಂಡ್ ತುಂಬಿಸುವವರಿಗೆ ಮಾತ್ರ ಕುರ್ಚಿ ಇರಲಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬೆಂಗಳೂರು ಎಫ್‌ಸಿಯ ಒಡೆತನ ಜೆಎಸ್‌ಡಬ್ಲ್ಯು ಸಮೂಹದ್ದು, ಅದರ ಪ್ರಧಾನ ಕಚೇರಿ ಇರುವುದು ಮುಂಬೈಯಲ್ಲಿ. ಮುಂಬೈ ಸಿಟಿಯ ಬಹುಪಾಲು ಒಡೆತನ ಆರು ವರ್ಷ ವಿದೇಶದಲ್ಲಿತ್ತು. ಅಂದರೆ ಎರಡು ಊರಿನ ಹೆಸರಿನಲ್ಲಿ ಹೊಡೆದಾಡುವ ತಂಡಗಳ ತೀರ್ಮಾನ ಆಯಾ ಊರಿನಲ್ಲಿ ಆಗುತ್ತಿರಲಿಲ್ಲ. ಒಳ್ಳೆಯ ಮಾಲೀಕ ಬೇಡ ಎಂದು ನಾನು ಹೇಳುತ್ತಿಲ್ಲ. ಜೆಎಸ್‌ಡಬ್ಲ್ಯು ಇಲ್ಲದಿದ್ದರೆ ಬೆಂಗಳೂರಿಗೆ ಏಷ್ಯಾ ಮಟ್ಟದ ಫೈನಲ್ ಎಲ್ಲಿಂದ ಬರಬೇಕಿತ್ತು? ಆದರೆ ಮಾಲೀಕನ ಒಳ್ಳೆಯತನವೊಂದನ್ನೇ ನಂಬಿ ನಿಂತ ಕ್ಲಬ್ ಒಂಟಿ ಕಂಬದ ಮನೆ.

ಮುಂಬೈಗೆ ಈ ಪಾಠ ಹೊಸದಲ್ಲ. 2005–06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ಮಹೀಂದ್ರಾ ಯುನೈಟೆಡ್ 2010ರಲ್ಲಿ ಕಂಪನಿಯ ತೀರ್ಮಾನದಂತೆ ಬಾಗಿಲು ಹಾಕಿತು. ಒಂದು ಕಾಲಕ್ಕೆ ತರಬೇತುದಾರ ಖಾಲಿದ್ ಜಮಿಲ್ ಪಳಗಿಸಿದ ಮುಂಬೈ ಎಫ್‌ಸಿ 2017ರ ಹೊತ್ತಿಗೆ ಇಲ್ಲವಾಯಿತು. ಆಯಾ ತಂಡಕ್ಕೆ ಕೂಗಿದ ಹುಡುಗರು ಎಲ್ಲಿ ಹೋದರು ಎಂದು ಯಾರೂ ಕೇಳಲಿಲ್ಲ. 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಕೂಡ ಈ ಶತಮಾನದ ಹೊಸ್ತಿಲಲ್ಲೇ ನಿಂತುಹೋಯಿತು. ಬ್ರಿಟಿಷ್ ರೆಜಿಮೆಂಟ್‌ಗಳ ಸೊತ್ತಾಗಿದ್ದ ಆ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೆ ಗೆದ್ದರು, 1948ರಲ್ಲಿ ಮೋಹನ್ ಬಾಗಾನ್ ವಿರುದ್ಧ ಇನ್ನೊಮ್ಮೆ. ಮುಂಬೈಗೆ ಬಂದು ಕಪ್ ಒಯ್ಯುವ ಬೆಂಗಳೂರಿನ ಚಾಳಿ ಭೇಕೆಯ ಗೋಲಿಗಿಂತ ಎಂಟು ದಶಕ ಹಳೆಯದು. ಆ ಪರಂಪರೆಯನ್ನು ಕಾಪಿಡುವ ಹೊಣೆ ಯಾರ ಮೇಲೂ ಇರಲಿಲ್ಲ, ಹೀಗಾಗಿ ಇಂದಿನ ಅಭಿಮಾನಿಗೆ ಅದರ ಹೆಸರೂ ಗೊತ್ತಿಲ್ಲ.

ನಮ್ಮಲ್ಲಿ ಹೀಗೆ, ಹೊರಗೆಲ್ಲ ಚೆನ್ನ ಎಂದುಕೊಳ್ಳಬೇಕಿಲ್ಲ. ಇಂಗ್ಲೆಂಡಿನ ರಗ್ಬಿಯನ್ನು ನೋಡಿ. 1995ರಲ್ಲಿ ಆ ಆಟ ವೃತ್ತಿಪರವಾಯಿತು, ಸಿರಿವಂತರು ಕ್ಲಬ್‌ಗಳನ್ನು ಕೊಂಡರು, ಸಂಬಳ ಏರಿತು, ಆದಾಯ ಏರಲಿಲ್ಲ. 1867ರಲ್ಲಿ ಹುಟ್ಟಿದ ವಾಸ್ಪ್ಸ್, 2004 ಮತ್ತು 2007ರಲ್ಲಿ ಯುರೋಪಿನ ಚಾಂಪಿಯನ್ ಆಗಿದ್ದ ತಂಡ. ಹಣಕಾಸಿನ ಒತ್ತಡಕ್ಕೆ 2014ರಲ್ಲಿ ಲಂಡನ್ನಿನ ಆಸುಪಾಸು ಬಿಟ್ಟು ಕೊವೆಂಟ್ರಿಗೆ ಗುಳೆ ಹೋಯಿತು. ಹಳೆಯ ಅಭಿಮಾನಿ ಹಿಂದುಳಿದ. ಹೊಸ ಊರಿನಲ್ಲಿ ಬೇರು ಇಳಿಯುವಷ್ಟರಲ್ಲಿ, 2022ರ ಅಕ್ಟೋಬರ್‌ನಲ್ಲಿ, ಸಾಲದ ಹೊರೆಗೆ ಕುಸಿಯಿತು. ಅದೇ ಋತುವಿನಲ್ಲಿ ವೂಸ್ಟರ್ ಬಿತ್ತು, 2023ರ ಜೂನ್‌ನಲ್ಲಿ ಲಂಡನ್ ಐರಿಷ್. 13 ಕ್ಲಬ್‌ಗಳ ಲೀಗ್ ಹತ್ತಕ್ಕೆ ಇಳಿಯಿತು. ಲೆಸ್ಟರ್, ಬಾತ್, ನಾರ್ಥಾಂಪ್ಟನ್ ಜನರಿಗೂ ಇದರಿಂದ ಸಂತೋಷವಾಗಲಿಲ್ಲ. ಎದುರಾಳಿ ಸತ್ತರೆ ತನ್ನ ಕ್ಯಾಲೆಂಡರಿನ ಒಂದು ದೊಡ್ಡ ದಿನವೂ ಸಾಯುತ್ತದೆ ಎಂದು ಅಲ್ಲಿನ ಪ್ರೇಕ್ಷಕನಿಗೆ ಗೊತ್ತಿತ್ತು.

ರಗ್ಬಿಯ ಇನ್ನೊಂದು ಕಥೆ ಇದಕ್ಕಿಂತ ಮುಖ್ಯ, ಅಷ್ಟಾಗಿ ಯಾರೂ ಹೇಳುವುದಿಲ್ಲ. ರಿಚ್‌ಮಂಡ್ ಕ್ಲಬ್ 1999ರಲ್ಲಿ ಹೀಗೇ ದಿವಾಳಿಯಾಗಿತ್ತು. ಹಣ ಹಾಕಿದವರು ಹೋದರು, ಸದಸ್ಯರು ಉಳಿದರು. ತಮ್ಮ ಹಳೆಯ ಮೈದಾನದಲ್ಲೇ ಲೀಗ್ ಏಣಿಯ ತಳದಿಂದ ಮತ್ತೆ ಆಡಲು ಶುರುಮಾಡಿ, 2016ರಲ್ಲಿ ಎರಡನೇ ದರ್ಜೆಗೆ ಏರಿದರು. ಅವರಿಗೆ ಎರಡು ಆಸರೆ ಇದ್ದವು: ಕ್ಲಬ್ ತಮ್ಮದು ಎನ್ನಬಲ್ಲ ಸದಸ್ಯತ್ವ, ಕೆಳಗಿನಿಂದ ಮೇಲೆ ಹತ್ತಬಹುದಾದ ಏಣಿ. ನಮ್ಮ ಐಎಸ್‌ಎಲ್‌ನ ಬಹುತೇಕ ಕ್ಲಬ್‌ಗಳಿಗೆ ಮೊದಲನೆಯದಿಲ್ಲ; ಐ-ಲೀಗ್‌ನಿಂದ ಮೇಲೇರುವ ಏಣಿ ಇದ್ದರೂ ಅದನ್ನು ಹತ್ತಲು ಸದಸ್ಯರ ಬಲವಿಲ್ಲ. ಫ್ರಾಂಚೈಸಿ ಕೈಚೆಲ್ಲಿದರೆ ಅಲ್ಲಿಗೆ ಕಥೆ ಮುಗಿಯಿತು.

ಊರಿನಲ್ಲಿ ಬೇರು ಬಿಡದ ತಂಡ ಹೇಗಿರುತ್ತದೆ ಎಂಬುದನ್ನೂ ಅಂಧೇರಿ ನೋಡಿದೆ. 2025ರ ಜೂನ್‌ನಲ್ಲಿ ಅದೇ ಮೈದಾನದಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡ, ಎರಡು ವಾರ, ಎಲ್ಲ ಪಂದ್ಯವೂ ಒಂದೇ ಕಡೆ. ಆಟ ಚುರುಕಾಗಿತ್ತು, ಲೋಕದ ಹೆಸರಾಂತ ಸೆವೆನ್ಸ್ (ಏಳು ಜನರ ರಗ್ಬಿ) ಆಟಗಾರರು ಬಂದಿದ್ದರು, ಚೆನ್ನೈ ಬುಲ್ಸ್ ಚಾಂಪಿಯನ್ ಆಯಿತು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡವೂ ಇತ್ತು, ಆದರೆ ಅದು ಬೆಂಗಳೂರಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಹೊಸ ಆಟಕ್ಕೆ ಮೊದಲ ವರ್ಷ ಇದು ಅನಿವಾರ್ಯ ಇರಬಹುದು. ಹಾಗೇ ಮುಂದುವರಿದರೆ ಜೆರ್ಸಿಯ ಮೇಲೆ ಊರಿನ ಹೆಸರು ಇರುತ್ತದೆಯೇ ಹೊರತು ಊರು ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು ಹಣದ ಶಿಸ್ತು. ಋತು ಆರಂಭಕ್ಕೆ ಮೊದಲೇ ಒಂದು ಋತುವಿನ ಸಂಬಳದ ಮೊತ್ತವನ್ನು ಕ್ಲಬ್ ಠೇವಣಿ ಇಡಬೇಕು, ಇಲ್ಲದಿದ್ದರೆ ಲೈಸೆನ್ಸ್ ಇಲ್ಲ. ಇದು ಕಠಿಣ ಎನ್ನುವವರು ಸಂಬಳ ನಿಂತ ತಿಂಗಳುಗಳಲ್ಲಿ ಮಸಾಜ್ ಮಾಡುವವನ, ಕಿಟ್ ನೋಡಿಕೊಳ್ಳುವವನ ಮನೆ ಹೇಗೆ ನಡೆಯಿತು ಎಂದು ಯೋಚಿಸಲಿ. ಅದಕ್ಕಿಂತ ದೊಡ್ಡ ವಿಷಯ ಅಭಿಮಾನಿಯ ಹಕ್ಕು. 2025ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆಗೆ ರಾಜಮುದ್ರೆ ಬಿತ್ತು. ಸ್ವತಂತ್ರ ನಿಯಂತ್ರಕರ ನೇಮಕದ ಜತೆಗೆ ಅದು ಲಾಂಛನ, ಬಣ್ಣ, ಮೈದಾನದಂಥ ವಿಷಯಗಳಲ್ಲಿ ಅಭಿಮಾನಿಗಳ ಮಾತಿಗೆ ಕಾನೂನಿನ ಬಲ ಕೊಟ್ಟಿತು. ಅಲ್ಲಿನ ರಗ್ಬಿ ಅಭಿಮಾನಿಗೆ ಆ ರಕ್ಷಣೆ ಇಲ್ಲ. ನಮ್ಮ ಸಂಸತ್ತು ಮರುತಿಂಗಳೇ ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಆಟಗಾರರ ಸಮಿತಿಯನ್ನು ಕಡ್ಡಾಯ ಮಾಡಿದೆ. ಅದು ನಿಜವಾಗಿಯೂ ಮೆಚ್ಚಬೇಕಾದ ಹೆಜ್ಜೆ. ಅಭಿಮಾನಿ ಮಾತ್ರ ಆ ಕಾಯ್ದೆಯ ಕಣ್ಣಿಗೂ ಬಿದ್ದಿಲ್ಲ.

ಅಭಿಮಾನಿಗಳು ಭಾವುಕರು, ಅವರ ಕೈಗೆ ಅಧಿಕಾರ ಕೊಟ್ಟರೆ ಕ್ಲಬ್ ನಡೆಯದು ಎಂಬ ಆಕ್ಷೇಪ ಬರುತ್ತದೆ. ತರಬೇತುದಾರರನ್ನು ಆರಿಸುವ ಹಕ್ಕನ್ನು ಯಾರೂ ಕೇಳುತ್ತಿಲ್ಲ. ಕ್ಲಬ್ಬಿನ ಹೆಸರು, ಲಾಂಛನ, ಊರು ಬದಲಾಗುವಾಗ, ಒಡೆತನ ಕೈಬದಲಾಗುವಾಗ, ನೋಂದಾಯಿತ ಅಭಿಮಾನಿ ಬಳಗವನ್ನು ಕೇಳಿಯೇ ಮುಂದುವರಿಯಬೇಕು, ಮಾಲೀಕ ಕೈಬಿಟ್ಟರೆ ಅದೇ ಹೆಸರಿನಲ್ಲಿ ಕೆಳ ದರ್ಜೆಯಿಂದ ತಂಡ ಕಟ್ಟುವ ಮೊದಲ ಅವಕಾಶ ಆ ಬಳಗಕ್ಕೆ ಸಿಗಬೇಕು. ಇಷ್ಟು ಕೇಳುವುದು ಅತಿಯಲ್ಲ.

ಫೆಡರೇಷನ್ ಮುಂದೆ ಈಗ ಹೊಸ ವಾಣಿಜ್ಯ ವ್ಯವಸ್ಥೆ ರೂಪಿಸುವ ಕೆಲಸವಿದೆ. ಒಮ್ಮೆ ಸಹಿ ಬಿದ್ದರೆ ಇನ್ನು ಹಲವು ವರ್ಷ ಬಾಯಿ ಬಿಡುವಂತಿಲ್ಲ, ಹಿಂದಿನ ಒಪ್ಪಂದ 15 ವರ್ಷ ಕಟ್ಟಿಹಾಕಿದ್ದನ್ನು ಕಂಡಿದ್ದೇವೆ. ಬೆಂಗಳೂರಿನ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್ ಮತ್ತು ಮುಂಬೈಯ ಬಳಗ ವೆಸ್ಟ್ ಕೋಸ್ಟ್ ಬ್ರಿಗೇಡ್ ಸ್ಟ್ಯಾಂಡಿನಲ್ಲಿ ಎಷ್ಟು ಬೇಕಾದರೂ ಜಗಳವಾಡಲಿ, ಅದೇ ಆಟದ ಸೊಗಸು. ಆದರೆ ಆ ಸಹಿ ಬೀಳುವ ಮೊದಲು ಎರಡೂ ಬಳಗ ಸೇರಿ ಒಂದೇ ಮನವಿಯನ್ನು ಫೆಡರೇಷನ್‌ಗೂ ಕ್ರೀಡಾ ಸಚಿವಾಲಯಕ್ಕೂ ಕಳಿಸಬೇಕು. ಗೋರೆಗಾಂವ್‌ನಿಂದ ಅದಕ್ಕೆ ಎರಡೂ ಬಣ್ಣದ ಸಹಿ ಸಿಗುತ್ತದೆ.