ಏಣಿ ಹೊತ್ತವನ ಇತಿಹಾಸ
ಈ ವಾರ ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗಿಯ ನೋಟ್‌ಬುಕ್ ನೋಡಿದೆ. ದಿನಕ್ಕೊಂದು ಚಾರಿತ್ರಿಕ ದಿನ, ಅದರ ಮೇಲೆ ಐದು ಸಾಲು ಬರೆಯಬೇಕು. ಪದ್ಧತಿ ಬಹಳ ಒಳ್ಳೆಯದು. ಆದರೆ ಪುಟಪುಟದಲ್ಲೂ ಒಂದೇ ಪ್ರಶ್ನೆ: ಈ ದಿನದ ಮಹತ್ವವೇನು? ಎಂಟು ವರ್ಷದ ಮಗು ಮಹತ್ವವನ್ನು ಎಲ್ಲಿಂದ ತರಬೇಕು? ಅಪ್ಪ ಮೊಬೈಲಿನಲ್ಲಿ ಹುಡುಕಿಕೊಟ್ಟದ್ದನ್ನು ದುಂಡಗೆ ಇಳಿಸಿದ್ದಳು, ಪಾಪ. 1905ರ ಆಗಸ್ಟ್ 5ನ್ನೇ ತೆಗೆದುಕೊಳ್ಳಿ. ಶಿವನಸಮುದ್ರದ ವಿದ್ಯುತ್ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು; ಬೆಂಗಳೂರಿನ ಬೀದಿಗಳಲ್ಲಿ ಅದರ ದೀಪ ಬೆಳಗಿದ್ದು ಮೂರು ವರ್ಷದ ಮೇಲೆ, ಈ ದಿನ. ಅಲ್ಲಿಯವರೆಗೆ ಸಂಜೆಯಾದರೆ ಏಣಿ ಹೊತ್ತು ಬಂದು ಸೀಮೆಎಣ್ಣೆ ದೀಪ ಹಚ್ಚುತ್ತಿದ್ದವನು ಆ ರಾತ್ರಿ ಮನೆಗೆ ಹೋಗಿ ಏನು ಹೇಳಿರಬಹುದು ಪುಟ್ಟಿ, ಎಂದು ಕೇಳಿದೆ. ಪೆನ್ಸಿಲ್ ನಿಲ್ಲಲೇ ಇಲ್ಲ. 'ನಾಳೆಯಿಂದ ಕೆಲಸ ಇಲ್ಲ, ಏಣಿ ಮಾರೋಣ ಅಂದ. ಬೇಡ, ಮಾವಿನಕಾಯಿ ಕೀಳೋಕೆ ಬೇಕು ಅಂದಳು ಹೆಂಡತಿ' ಎಂದು ಬರೆದಳು. ಹೊಸ ಬೆಳಕು ಬಂದಾಗ ಯಾರದೋ ಹೊಟ್ಟೆಪಾಡು ಹೋಗುತ್ತದೆಂಬುದು ಆ ಎರಡು ಸಾಲಿನಲ್ಲಿದೆ. ಅದನ್ನು ಯಾವ ಗೈಡೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಚಿಕ್ಕ ಮಕ್ಕಳಿಗೆ ಇತಿಹಾಸ ಸಿಗುವುದು ಮನುಷ್ಯರ ಮೂಲಕವೇ, ಮಹತ್ವದ ಮೂಲಕ ಅಲ್ಲ. ಮೇಷ್ಟ್ರೇ, ಮೇಡಂ, ಬೋರ್ಡಿನ ಮೇಲೆ ತಾರೀಕು ಬರೆಯಿರಿ, ನಡೆದದ್ದನ್ನು ಒಂದು ಸಾಲಿನಲ್ಲಿ ಹೇಳಿ, ಆಮೇಲೆ ಅಲ್ಲಿದ್ದ ಒಬ್ಬರ ಬಗ್ಗೆ ಕೇಳಿ. ಒತ್ತಕ್ಷರದ ತಪ್ಪುಗಳನ್ನು ಮರುದಿನ ತಿದ್ದಿದರೆ ಸಾಕು.