ಸಕ್ಕರೆ ಕಾಯಿಲೆ ತಡೆಯಲು ಎಲ್ಲರಿಗೂ ಒಂದೇ ಸಲಹೆ ಸಾಲದು



"ಸಕ್ಕರೆ ಬಿಡಿ, ಬೆಳಿಗ್ಗೆ ವಾಕಿಂಗ್ ಮಾಡಿ." ನಾವು ವೈದ್ಯರು ಎಲ್ಲರಿಗೂ ಹೇಳುವ ಮಾತಿದು. ಮಾತು ಸರಿ. ಆದರೆ ಬೆಳಗಾಗುವ ಮೊದಲೇ ಡೊಂಬಿವಲಿಯಲ್ಲಿ ಲೋಕಲ್ ಹಿಡಿಯುವವರು, ಮಧ್ಯರಾತ್ರಿ ಊಟ ಮಾಡುವ ಹೋಟೆಲ್ ಕೆಲಸಗಾರರು ಅದನ್ನು ಪಾಲಿಸುವುದು ಹೇಗೆ? ಸಲಹೆ ಅವರವರ ದಿನಚರಿಗೆ ಹೊಂದಬೇಕು.

ಮಧುಮೇಹವನ್ನು ತಡೆಯಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ಪುರಾವೆ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ, ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯ ಅಧ್ಯಯನವನ್ನು 2006ರಲ್ಲಿ ಪ್ರಕಟಿಸಿತು. ಮೂರು ವರ್ಷಗಳಲ್ಲಿ ಮಾಮೂಲಿ ಸಲಹೆ ಪಡೆದವರಲ್ಲಿ 100ಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ, ನಡಿಗೆಯ ಬಗ್ಗೆ ನಿರಂತರ ಮಾರ್ಗದರ್ಶನ ಸಿಕ್ಕವರಲ್ಲಿ 39 ಮಂದಿಗೆ ಮಾತ್ರ. ಈಗಾಗಲೇ ಮೈಮುರಿದು ದುಡಿಯುತ್ತಿದ್ದವರಿಗೆ ಅಲ್ಲಿ ಹೆಚ್ಚುವರಿ ವ್ಯಾಯಾಮ ಹೇಳಲಿಲ್ಲ!

ಅದೇ ತಂಡದ 2013ರ ಅಧ್ಯಯನದಲ್ಲಿ ದುಡಿಯುವ ಗಂಡಸರಿಗೆ ಮೊಬೈಲ್ ಸಂದೇಶ ಕಳಿಸಲಾಯಿತು. ಎರಡು ವರ್ಷದಲ್ಲಿ ಸಂದೇಶ ಪಡೆದವರಲ್ಲಿ 18%, ಪಡೆಯದವರಲ್ಲಿ 27% ಮಂದಿಗೆ ಮಧುಮೇಹ ಬಂತು.

ಹಾಗಾದರೆ ಯಾರು ಏನು ಮಾಡಬೇಕು?

👉 *ಲೋಕಲ್‌ನಲ್ಲಿ ಓಡಾಡುವವರು:* ಸ್ಟೇಷನ್‌ಗೆ ರಿಕ್ಷಾ ಬಿಟ್ಟು ನಡೆಯಿರಿ. ಸಂಜೆ ಹಸಿವಿಗೆ ವಡಾಪಾವ್ ಬದಲು ಹುರಿಗಡಲೆ ಇರಲಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮೀರದಿರಲಿ.

👉 *ಹೋಟೆಲ್ ಕೆಲಸಗಾರರು:* ರಾತ್ರಿಯ ಊಟ ಅಂಗಡಿ ಮುಚ್ಚಿದ ಮೇಲಲ್ಲ, ಎಂಟರ ಆಸುಪಾಸಿನಲ್ಲಿ ಸಿಗಬೇಕು. ಇದು ಮಾಲೀಕರ ಕೈಯಲ್ಲಿದೆ.

👉 *ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರು:* ಹೆರಿಗೆಯ ನಂತರ ಸರಿಹೋಯಿತೆಂದು ಮರೆಯಬೇಡಿ. ಮುಂದೆ ಮಧುಮೇಹದ ಅಪಾಯ ಹಲವು ಪಟ್ಟು ಹೆಚ್ಚು. ಹೆರಿಗೆಯಾದ ಆರು ವಾರಕ್ಕೊಮ್ಮೆ, ಬಳಿಕ ಪ್ರತಿ ವರ್ಷ ಪರೀಕ್ಷಿಸಿಕೊಳ್ಳಿ.

👉 *ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ಕೂಲಿಕಾರರು:* ಇವರಿಗೆ ವಾಕಿಂಗ್ ಅಲ್ಲ, ರಕ್ತಪರೀಕ್ಷೆ ಬೇಕು. ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಆ ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಸಂಜೆ, ಅವರ ವಸತಿಯ ಬಳಿಯೇ ತಪಾಸಣೆ ನಡೆಯಬೇಕು. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ಖರ್ಚಿನ ಒಂದು ಪಾಲನ್ನು ಇದಕ್ಕೆ ಮೀಸಲಿಡಲಿ.

ಹೃದಯದ ವೈದ್ಯನಿಗೆ ಸಕ್ಕರೆಯ ಚಿಂತೆ ಏಕೆ ಅನ್ನುತ್ತೀರಾ? ಮಧುಮೇಹಿಗಳಲ್ಲಿ ಹೃದಯಾಘಾತ ಎದೆನೋವಿಲ್ಲದೆಯೂ ಬರಬಹುದು. ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

30 ದಾಟಿದ ಎಲ್ಲರೂ ಒಮ್ಮೆ ರಕ್ತ ಪರೀಕ್ಷಿಸಿಕೊಳ್ಳಿ. ಈ ಸಂದೇಶ ಮುಂದೆ ಕಳಿಸುವಾಗ ಯಾರಿಗೆ ಯಾವ ಸಾಲು ಬೇಕೋ ಅದನ್ನು ಓದಿ ಹೇಳಿ. 🙏

— ಹೃದ್ರೋಗ ತಜ್ಞ (ಎಂ.ಡಿ.), ಕಳವಾ, ಠಾಣೆ